ಯಂತ್ರಸಾಧನವೂ ಕಸುಬಿನ ಶಿಕ್ಷಣವೂ: ಬಂಟ್ವಾಳ–ಬೆಳ್ತಂಗಡಿ ಸೀಮೆಯ ಒಂದು ಚಾರಿತ್ರಿಕ ವಿವೇಚನೆ

೧

ಗುರುವೊಂದು ಕಡೆ, ಶಿಷ್ಯನೊಂದು ಕಡೆ ಇದ್ದು, ನಡುವೆ ಅಂತರ್ಜಾಲದ ಮೂಲಕ ಪಾಠ ನಡೆಯುವ ಪದ್ಧತಿ ಇಂದು ನಮ್ಮ ಹಳ್ಳಿಗಳನ್ನೂ ಮುಟ್ಟಿದೆ. ಪದವಿ ತರಗತಿಯ ಪಾಠ ಮಾತ್ರವಲ್ಲದೆ, ಹೊಲಿಗೆ, ಲೆಕ್ಕ ಬರೆಯುವುದು, ಯಂತ್ರದ ದುರಸ್ತಿ ಮೊದಲಾದ ಕಸುಬುಗಳೂ ಮೊಬೈಲಿನ ಅಂಗೈಯಗಲದ ತೆರೆಯ ಮೇಲೆ ಕಲಿಯಲು ದೊರೆಯುತ್ತಿವೆ. ಇದರ ಹಿಂದೆ ಹೊಸ ಯಂತ್ರವಿದ್ಯೆಯೂ ಇದೆ, ಶಿಕ್ಷಣದಲ್ಲಿ ಬಂಡವಾಳ ಹೂಡಿದ ಉದ್ಯಮಿಗಳ ಸಾಹಸವೂ ಇದೆ. ಇದನ್ನು ಹೊಗಳುವವರು ಹಿಂದೆಂದೂ ಇಲ್ಲದ ಸಂಗತಿ ಎಂದು ಹೊಗಳುತ್ತಾರೆ. ತೆಗಳುವವರೂ ಅದೇ ಮಾತನ್ನು ಹೇಳಿ ತೆಗಳುತ್ತಾರೆ. ಎರಡು ಪಕ್ಷದವರೂ ಚರಿತ್ರೆಯನ್ನು ಬದಿಗಿಟ್ಟು ಮಾತನಾಡುತ್ತಿರುವರೆಂದು ನಮಗೆ ತೋರುತ್ತದೆ.

ನೇತ್ರಾವತಿಯ ದಂಡೆಯ ಬಂಟ್ವಾಳ, ಚಾರ್ಮಾಡಿ ಘಟ್ಟದ ಬುಡದ ಬೆಳ್ತಂಗಡಿ, ಬಸದಿಗಳ ಊರಾದ ಮೂಡುಬಿದಿರೆ, ಈ ಮೂರನ್ನು ಒಳಗೊಂಡ ಸೀಮೆಯಲ್ಲಿ ಹೊಸ ಸಾಧನ, ಉದ್ಯಮ, ಶಿಕ್ಷಣ ಇವು ಒಂದನ್ನೊಂದು ಸಂಧಿಸಿದ ಪ್ರಸಂಗಗಳು ಹಲವಿವೆ. ಅವುಗಳಲ್ಲಿ ಮುಖ್ಯವಾದುವನ್ನು, ನೆರೆಯ ಮಂಗಳೂರು ಉಡುಪಿಗಳೊಡನೆ ಅವುಗಳಿಗಿರುವ ಸಂಬಂಧದ ಸಮೇತ, ಕಾಲಕ್ರಮದಲ್ಲಿ ನೋಡಿ, ಅವುಗಳಿಂದ ಇಂದಿನ ಪ್ರಶ್ನೆಗೆ ಏನಾದರೂ ಬೆಳಕು ದೊರೆಯುವುದೇ ಎಂದು ವಿಚಾರಿಸುವುದು ಈ ಲೇಖನದ ಉದ್ದೇಶ. ನಾವು ತಲುಪಿರುವ ನಿರ್ಣಯವನ್ನು ಮೊದಲೇ ಹೇಳಿಬಿಡುವುದು ಲೇಸು. ಸಾಧನವು ವಿದ್ಯೆಯನ್ನು ಮನೆಬಾಗಿಲಿಗೆ ತರಬಲ್ಲದು. ಆದರೆ ವಿದ್ಯೆ ಜೀವನೋಪಾಯವಾಗಬೇಕಾದರೆ, ಕಲಿತವನು ತನ್ನ ಕಾಲಮೇಲೆ ನಿಲ್ಲುವವರೆಗೂ ಅವನ ಕೈಬಿಡದೆ ಇರುವ ಹೊಣೆಯನ್ನು ಯಾರಾದರೂ ಹೊರಬೇಕಾಗುತ್ತದೆ. ಈ ಹೊಣೆ ಹೊತ್ತ ಪ್ರಯತ್ನಗಳು ಉಳಿದಿವೆ. ಹೊರದವು ಬಹುಬೇಗ ಸೋತಿವೆ.

೨

ಸಾಧನ ಬೇರೆ, ಕಲಿಕೆ ಬೇರೆ ಎಂಬುದಕ್ಕೆ ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳ ಕಥೆಯೇ ಒಳ್ಳೆಯ ನಿದರ್ಶನ. ದಿಗಂಬರ ಜೈನರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಧವಳಾ ಟೀಕೆಯ ತಾಳೆಯೋಲೆಯ ಪ್ರತಿಗಳು ಈ ಊರಿನ ಬಸದಿಯಲ್ಲಿ ಉಳಿದುಬಂದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಬಹುಕಾಲದವರೆಗೆ ಅವು ದರ್ಶನದ ವಸ್ತುಗಳಾಗಿದ್ದುವೇ ಹೊರತು ಅಧ್ಯಯನದ ವಸ್ತುಗಳಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಆ ಮೇಲೆ ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅವು ಅಚ್ಚಾಗತೊಡಗಿ, ಮುಂದಿನ ಸುಮಾರು ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳಾಗಿ ಹೊರಬಂದುವು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಓಲೆಯನ್ನು ನಕಲು ಮಾಡಿದ ಮಾತ್ರದಿಂದ ಗ್ರಂಥ ಓದುಗರನ್ನು ಮುಟ್ಟಲಿಲ್ಲ. ಪಾಠವನ್ನು ಶೋಧಿಸಿ, ಹಿಂದಿ ಅನುವಾದವನ್ನು ಕೊಟ್ಟು, ಕಠಿಣ ಸ್ಥಳಗಳನ್ನು ಬಿಡಿಸಿ ಹೇಳಿದ ವಿದ್ವಾಂಸರ ಶ್ರಮ ಸೇರಿದ ಮೇಲೆಯೇ ಅದು ವಿದ್ಯಾರ್ಥಿಯ ಕೈಗೆ ಎಟುಕಿತು. ಮುದ್ರಣಯಂತ್ರ ಬಾಗಿಲನ್ನು ತೆರೆಯಿತು. ಒಳಗೆ ಕರೆದೊಯ್ದವರು ಮನುಷ್ಯರು.

ಇದು ಶಾಸ್ತ್ರವಿದ್ಯೆಯ ಮಾತಾಯಿತು. ಕಸುಬಿನ ವಿದ್ಯೆಗೆ ಬಂದರೆ, ಈ ಜಿಲ್ಲೆಯ ಮಟ್ಟಿಗೆ ಹೊಸ ಯಂತ್ರದ ಮೂಲಕ ಜನರಿಗೆ ತರಬೇತು ಕೊಟ್ಟವರಲ್ಲಿ ಬಾಸೆಲ್ ಮಿಶನ್ನಿನವರು ಮೊದಲಿಗರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆಯವರು ೧೮೪೧ರಲ್ಲಿ ಮುದ್ರಣಾಲಯವನ್ನೂ, ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಮತಾಂತರ ಹೊಂದಿ ಕುಲದ ಕಸುಬನ್ನು ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸುವುದು ಈ ಉದ್ಯಮಗಳ ಮೂಲ ಉದ್ದೇಶಗಳಲ್ಲಿ ಒಂದಾಗಿತ್ತು. ಅಲ್ಲಿ ಶಾಲೆಯೂ ಕಾರ್ಖಾನೆಯೂ ಕೂಲಿಯೂ ಒಂದೇ ಆಡಳಿತಕ್ಕೆ ಸೇರಿದ್ದುವು. ಕಲಿತವನಿಗೆ ಕೆಲಸ ಹುಡುಕುವ ಕಷ್ಟವಿರಲಿಲ್ಲ. ಅಚ್ಚು ಜೋಡಿಸುವುದು, ನೇಯುವುದು, ಮಣ್ಣು ಹದಮಾಡಿ ಹಂಚು ಸುಡುವುದು, ಇವೆಲ್ಲ ಕೆಲಸದ ನಡುವೆಯೇ ಕೈಗೆ ಬರುತ್ತಿದ್ದುವು. ಅದರ ದೋಷವೂ ಅಲ್ಲಿಯೇ ಇತ್ತು: ಒಡೆಯನನ್ನು ಬಿಟ್ಟು ಹೊರಗೆ ಬದುಕುವ ಶಕ್ತಿಯನ್ನು ಆ ಶಿಕ್ಷಣ ಸುಲಭವಾಗಿ ಕೊಡಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮಿಶನ್ನಿನ ಉದ್ಯಮಗಳು ಸರಕಾರದ ವಶಕ್ಕೆ ಹೋಗಿ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದಾಗ, ಆ ಕೆಲಸಗಾರರ ಭವಿಷ್ಯವೂ ಅವುಗಳೊಡನೆಯೇ ಕೈ ಬದಲಾಯಿತು.

ಎರಡನೆಯ ಧಾರೆ ಸ್ಥಳೀಯರದು. ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ೧೮೯೧ರಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿ, ೧೯೦೬ರಲ್ಲಿ ಇಂದಿನ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಆರಂಭಿಸಿದರು. ಶಾಲೆಯನ್ನು ಕಟ್ಟಿದ ಕೈಯೇ ಬ್ಯಾಂಕನ್ನೂ ಕಟ್ಟಿತು. ಉಡುಪಿಯಲ್ಲಿ ೧೯೨೫ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆ, ೧೯೨೮ರಲ್ಲಿ ಪಿಗ್ಮಿ ಠೇವಣಿಯ ಕ್ರಮವನ್ನು ತಂದು, ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನು ಮನೆಮನೆಯಿಂದ ಸಂಗ್ರಹಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಡಾ. ಟಿ. ಎಂ. ಎ. ಪೈಗಳು ೧೯೪೨ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯನ್ನು ಸ್ಥಾಪಿಸಿದಾಗ, ಕಸುಬಿನ ತರಬೇತಿಯನ್ನೇ ಅದರ ಮೊದಲ ಕಾರ್ಯವಾಗಿ ಕೈಗೊಂಡರು. ಸಾಲ ಕೊಡುವವನೂ ಪಾಠ ಹೇಳುವವನೂ ಒಂದೇ ಅಂಗಳದಲ್ಲಿ ಕುಳಿತುಕೊಳ್ಳಬೇಕೆಂಬ ಭಾವನೆ ಈ ಕರಾವಳಿಯಲ್ಲಿ ಹೀಗೆ ಬೇರೂರಿತು. ಮುಂದೆ ಉಜಿರೆಯಲ್ಲಿ ಮೊಳೆತದ್ದು ಇದೇ ಬೇರು.

೩

ಬೆಳ್ತಂಗಡಿ ತಾಲೂಕಿನ ಉಜಿರೆ, ಮಂಗಳೂರಿನಿಂದ ಚಾರ್ಮಾಡಿಗೆ ಹೋಗುವ ದಾರಿಯಲ್ಲಿದೆ. ಧರ್ಮಸ್ಥಳದ ದಾರಿ ಕವಲೊಡೆಯುವುದು ಅಲ್ಲಿಯೇ. ೧೯೬೬ರಲ್ಲಿ ಅಲ್ಲಿ ಕಾಲೇಜು ಸ್ಥಾಪಿತವಾದ ಬಳಿಕ ಪದವೀಧರರ ಸಂಖ್ಯೆ ಬೆಳೆಯಿತು, ಕೆಲಸಗಳು ಬೆಳೆಯಲಿಲ್ಲ. ಯುವಕರು ಮುಂಬಯಿಯ ಹೋಟೆಲುಗಳಿಗೋ ಕೊಲ್ಲಿ ದೇಶಗಳಿಗೋ ಹೋಗುವುದು ವಾಡಿಕೆಯಾಯಿತು. ಹೆಂಗಸರಿಗೆ ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುವುದೊಂದೇ ಕೈಗೆಟುಕುವ ಸಂಪಾದನೆಯಾಗಿತ್ತು. ಅದರ ತರಬೇತು ತಾಯಿಯಿಂದ ಮಗಳಿಗೆ ಬರುತ್ತಿತ್ತು, ಅದರ ದರವನ್ನು ನಿಶ್ಚಯಿಸುವವರು ಮಾತ್ರ ಬೇರೆಯವರಾಗಿದ್ದರು.

ಸರಕಾರವು ಇದೇ ಸಮಸ್ಯೆಗೆ ಪರಿಹಾರವೆಂದು ೧೯೭೯ರಲ್ಲಿ ಟ್ರೈಸೆಮ್ ಎಂಬ ಹೆಸರಿನಲ್ಲಿ ಗ್ರಾಮೀಣ ಯುವಕರ ಸ್ವಉದ್ಯೋಗ ತರಬೇತಿಯ ಯೋಜನೆಯನ್ನು ದೇಶಾದ್ಯಂತ ಆರಂಭಿಸಿತು. ಕಲಿಯುವವರಿಗೆ ಭತ್ಯವಿತ್ತು, ಪ್ರಮಾಣಪತ್ರವಿತ್ತು. ಆದರೆ ಭತ್ಯಕ್ಕಾಗಿ ಬಂದು, ತರಬೇತು ಮುಗಿದ ಮೇಲೆ ಕಸುಬನ್ನು ಕೈಬಿಟ್ಟವರು ಬಹುಮಂದಿ ಎಂಬ ಆಕ್ಷೇಪಣೆ ಆ ಯೋಜನೆಯ ಮೇಲೆ ಮೇಲಿಂದ ಮೇಲೆ ಬಂದಿತು. ೧೯೯೯ರಲ್ಲಿ ಅದು ಇನ್ನೊಂದು ಯೋಜನೆಯಲ್ಲಿ ಲೀನವಾಯಿತು.

ಉಜಿರೆಯಲ್ಲಿ ೧೯೮೨ರಲ್ಲಿ ನಡೆದ ಪ್ರಯೋಗ ಬೇರೆ ಬಗೆಯದು. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಈ ಮೂರೂ ಕೂಡಿ ಗ್ರಾಮೀಣಾಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಸ್ಥಾಪಿಸಿದುವು. ಜನ ಅದನ್ನು ರುಡ್‌ಸೆಟ್ ಎಂದು ಕರೆಯುತ್ತಾರೆ. ೧೯೬೯ರಲ್ಲಿ ರಾಷ್ಟ್ರೀಕರಣಗೊಂಡಿದ್ದ ಎರಡು ಬ್ಯಾಂಕುಗಳಿಗೂ ಹಳ್ಳಿಯವರಿಗೆ ಸಾಲ ಕೊಡುವ ಕರ್ತವ್ಯ ಬಂದಿತ್ತು. ಸಾಲವನ್ನು ಬಳಸಿ ತೀರಿಸಬಲ್ಲ ಕುಶಲರು ಬೇಕಾಗಿದ್ದರು. ಆದುದರಿಂದ ತರಬೇತು ಬ್ಯಾಂಕಿಗೆ ಧರ್ಮಕಾರ್ಯ ಮಾತ್ರವಾಗದೆ ಸ್ವಂತ ವ್ಯವಹಾರದ ಅಂಗವೂ ಆಯಿತು. ಈ ಅಂಶವನ್ನು ಮರೆತರೆ ಸಂಸ್ಥೆಯ ಬಾಳಿಕೆಯ ಕಾರಣ ತಿಳಿಯುವುದಿಲ್ಲ.

ಕ್ರಮ ಸರಳವಾದುದು. ಸುಮಾರು ಇಪ್ಪತ್ತೈದರಿಂದ ಮೂವತ್ತೈದು ಮಂದಿಯ ತಂಡ. ಕೆಲವು ದಿನಗಳಿಂದ ಕೆಲವು ವಾರಗಳವರೆಗಿನ ಅವಧಿ. ಊಟ, ವಸತಿ, ಪಾಠ ಎಲ್ಲವೂ ಉಚಿತ. ಕಸುಬಿನ ಜೊತೆಗೆ ಮಾರುಕಟ್ಟೆಯನ್ನು ನೋಡಿ ತಿಳಿಯುವುದು, ಲೆಕ್ಕ ಇಡುವುದು, ಬ್ಯಾಂಕಿಗೆ ಯೋಜನಾಪತ್ರ ಬರೆಯುವುದು, ಇವನ್ನೂ ಕಲಿಸುತ್ತಾರೆ. ಕಲಿಯುವವನಲ್ಲಿ ಸಾಧಿಸುವ ಛಲವನ್ನು ಎಬ್ಬಿಸುವುದಕ್ಕೆ ಆಟಗಳ ರೂಪದ ಪಾಠಗಳುಂಟು. ಇವುಗಳ ಹಿಂದಿರುವ ವಿಚಾರ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಅವರದು. ಉದ್ಯಮಶೀಲತೆ ಹುಟ್ಟುಗುಣವಲ್ಲ, ಅದನ್ನು ತರಬೇತಿನಿಂದ ಬೆಳೆಸಬಹುದು ಎಂಬುದನ್ನು ಪರೀಕ್ಷಿಸಲು ಅವರು ೧೯೬೪ರ ಸುಮಾರಿಗೆ ಆಂಧ್ರದ ಕಾಕಿನಾಡದ ವರ್ತಕರ ನಡುವೆ ಪ್ರಯೋಗ ನಡೆಸಿದ್ದರು.

ಆದರೆ ಉಜಿರೆಯ ವೈಶಿಷ್ಟ್ಯ ಈ ಪಾಠಗಳಲ್ಲಿರುವುದಕ್ಕಿಂತ ಪಾಠ ಮುಗಿದ ಮೇಲಿನ ನಡೆಯಲ್ಲಿದೆ. ತರಬೇತು ಪಡೆದವನನ್ನು ಎರಡು ವರ್ಷಗಳ ತನಕ ಅನುಸರಿಸಿ ನೋಡುವುದು, ಅವನಿಗೆ ಬ್ಯಾಂಕಿನ ಸಂಬಂಧ ಕಲ್ಪಿಸುವುದು, ಎಡವಿದಲ್ಲಿ ಸಲಹೆ ಕೊಡುವುದು ನಿಯಮ. ಎಷ್ಟು ಮಂದಿ ಬಂದು ಕುಳಿತರು ಎಂಬ ಲೆಕ್ಕಕ್ಕಿಂತ, ಎಷ್ಟು ಮಂದಿ ಕಸುಬಿನಲ್ಲಿ ನೆಲೆನಿಂತರು ಎಂಬ ಲೆಕ್ಕಕ್ಕೆ ಅಲ್ಲಿ ಬೆಲೆ. ಈ ಲೆಕ್ಕವನ್ನು ಇಡುವವರು ತರಬೇತು ಕೊಟ್ಟವರೇ ಆದುದರಿಂದ ಅದನ್ನು ಇತರ ಆಧಾರಗಳೊಡನೆ ಹೋಲಿಸಿ ನೋಡಬೇಕಾದುದು ಚರಿತ್ರಕಾರನ ಕರ್ತವ್ಯ. ನೆಲೆನಿಲ್ಲುವುದು ಎಂದರೇನು, ಆರು ತಿಂಗಳ ವ್ಯಾಪಾರವೋ ಹತ್ತು ವರ್ಷಗಳ ಬಾಳುವೆಯೋ ಎಂಬ ಪ್ರಶ್ನೆಯೂ ಉಳಿಯುತ್ತದೆ. ಹಾಗಿದ್ದರೂ, ಸರಿಯಾದ ಪ್ರಶ್ನೆಯನ್ನು ಕೇಳಿದ್ದೇ ಆ ಸಂಸ್ಥೆಯ ದೊಡ್ಡ ಕೊಡುಗೆಯೆಂದು ನಾವು ಭಾವಿಸುತ್ತೇವೆ.

ಈ ಮಾದರಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯವು ೨೦೦೯ರಲ್ಲಿ ಅಂಗೀಕರಿಸಿ, ಜಿಲ್ಲೆಗೊಂದರಂತೆ ಬ್ಯಾಂಕುಗಳ ಆಡಳಿತದಲ್ಲಿ ಇಂಥ ಸಂಸ್ಥೆಗಳನ್ನು ಸ್ಥಾಪಿಸುವ ಕಾರ್ಯಕ್ಕೆ ಕೈಹಾಕಿತು. ಇಂದು ದೇಶದಲ್ಲಿ ಅಂಥವು ಐನೂರಕ್ಕೂ ಮೇಲ್ಪಟ್ಟಿವೆ. ಉಜಿರೆಯ ಸ್ಥಾಪಕ ಬ್ಯಾಂಕುಗಳೆರಡೂ ೨೦೨೦ರ ಏಪ್ರಿಲ್ ೧ರಂದು ವಿಲೀನಗೊಂಡು ಕೆನರಾ ಬ್ಯಾಂಕ್ ಎಂಬ ಒಂದೇ ಹೆಸರಿನಲ್ಲಿ ಉಳಿದುವು.

೪

ಉಜಿರೆಯ ಪದ್ಧತಿ ಎದುರುಬದುರು ಕುಳಿತು ಕಲಿಸುವುದು. ಇದಕ್ಕೆ ಸಮಾನಾಂತರವಾಗಿ ದೂರದಿಂದ ಕಲಿಸುವ ಪದ್ಧತಿಯೂ ಬೆಳೆಯುತ್ತ ಬಂದಿತ್ತು. ದಿಲ್ಲಿ ವಿಶ್ವವಿದ್ಯಾನಿಲಯ ೧೯೬೨ರಲ್ಲಿ ಅಂಚೆಯ ಮೂಲಕ ಪಾಠಗಳನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೬೯ರಲ್ಲಿ ಅಂಚೆ ಶಿಕ್ಷಣ ಸಂಸ್ಥೆ ಏರ್ಪಟ್ಟಿತು. ಅದೇ ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ೨೦೦೪ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಐಐಟಿಗಳ ಪಾಠಗಳು ೨೦೦೩ರಿಂದ ಎನ್‌ಪಿಟಿಇಎಲ್ ಯೋಜನೆಯ ಮೂಲಕವೂ, ನಾನಾ ವಿಶ್ವವಿದ್ಯಾನಿಲಯಗಳ ಪಾಠಗಳು ೨೦೧೭ರಿಂದ ಸ್ವಯಂ ವೇದಿಕೆಯ ಮೂಲಕವೂ ಎಲ್ಲರಿಗೂ ದೊರೆಯುವಂತಾದುವು. ಪದವಿಗೆ ಬೇಕಾದ ಪಾಠಭಾಗದಲ್ಲಿ ನೂರಕ್ಕೆ ನಲವತ್ತರಷ್ಟನ್ನು ಈ ವೇದಿಕೆಯಿಂದಲೇ ಪಡೆಯಬಹುದೆಂದು ೨೦೨೧ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ ನಿಯಮ ಮಾಡಿತು. ಬೆಳ್ತಂಗಡಿಯ ಹುಡುಗಿಯೊಬ್ಬಳು ಮದರಾಸಿನ ಐಐಟಿಯ ಅಧ್ಯಾಪಕರ ಪಾಠವನ್ನು ಮನೆಯ ಜಗಲಿಯಲ್ಲಿ ಕುಳಿತು ಕೇಳಬಹುದೆಂಬುದು ಸಣ್ಣ ಮಾತಲ್ಲ. ಇದನ್ನು ನಾವು ಮುಕ್ತಮನಸ್ಸಿನಿಂದ ಒಪ್ಪಬೇಕು.

ಇದೇ ಕಾಲದಲ್ಲಿ ಉದ್ಯಮಿಗಳೂ ಈ ಕ್ಷೇತ್ರಕ್ಕಿಳಿದರು. ಅವರಲ್ಲಿ ಪ್ರಸಿದ್ಧವಾದುದು ೨೦೧೧ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಬೈಜೂಸ್ ಸಂಸ್ಥೆ. ೨೦೧೫ರಲ್ಲಿ ಅದರ ಪಾಠಗಳು ಮೊಬೈಲಿಗೆ ಬಂದುವು. ೨೦೨೨ರಲ್ಲಿ ಹೂಡಿಕೆದಾರರು ಅದರ ಬೆಲೆಯನ್ನು ೨,೨೦೦ ಕೋಟಿ ಡಾಲರುಗಳೆಂದು ಎಣಿಸಿದರು. ೨೦೨೪ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಪೆನಿ ಕಾನೂನು ನ್ಯಾಯಮಂಡಲಿ ಅದೇ ಸಂಸ್ಥೆಯ ಮೇಲೆ ದಿವಾಳಿ ಪ್ರಕ್ರಿಯೆಯನ್ನು ಆರಂಭಿಸಿತು. ಈ ಏರಿಳಿತಕ್ಕೆ ಕಾರಣಗಳು ಹಲವು; ಅವನ್ನೆಲ್ಲ ಇಲ್ಲಿ ವಿಚಾರಿಸುವ ಅವಕಾಶವಿಲ್ಲ. ನಮ್ಮ ಪ್ರಸ್ತುತಕ್ಕೆ ಬೇಕಾದುದಿಷ್ಟೆ: ಸೇರಿದವರ ಸಂಖ್ಯೆಯ ಮೇಲೆ ಶಿಕ್ಷಣೋದ್ಯಮದ ಬೆಲೆಯನ್ನು ಕಟ್ಟುವ ಕ್ರಮ ಎಷ್ಟು ಅಸ್ಥಿರವೆಂಬುದನ್ನು ಅದು ತೋರಿಸಿತು. ಉಜಿರೆಯವರು ಹಿಡಿದ ಅಳತೆಗೋಲಿಗೂ ಇದಕ್ಕೂ ಇರುವ ಅಂತರ ಸ್ಪಷ್ಟವಾಗಿದೆ.

೫

ಪರರ ದೋಷವನ್ನು ಎಣಿಸುವ ಮೊದಲು ನಮ್ಮ ದೋಷವನ್ನೂ ಹೇಳಿಕೊಳ್ಳುವುದು ನ್ಯಾಯ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆ ಕಾಲೇಜುಗಳು ಮುಚ್ಚಿದಾಗ, ಎಲ್ಲರಂತೆ ನಾವೂ ತೆರೆಯ ಎದುರು ಕುಳಿತು ಪಾಠ ಹೇಳಿದೆವು. ತೆರೆಯ ಮೇಲೆ ಹೆಸರು ಕಂಡವರಿಗೆಲ್ಲ ಹಾಜರಿ ಹಾಕಿದೆವು. ಹಾಜರಿಪುಸ್ತಕ ಹಿಂದೆಂದೂ ಅಷ್ಟು ತುಂಬಿರಲಿಲ್ಲ. ಕಾಲೇಜು ತೆರೆದ ಮೇಲೆ ತಿಳಿದು ಬಂದ ಸಂಗತಿ ಬೇರೆ. ಒಂದು ದಿನವೂ ತಪ್ಪದೆ ಹಾಜರಿದ್ದನೆಂದು ನಾವು ಬರೆದಿದ್ದ ಹುಡುಗನೊಬ್ಬ, ಮೊಬೈಲನ್ನು ಪಾಠಕ್ಕೆ ಹಚ್ಚಿ ಕಟ್ಟೆಯ ಮೇಲಿಟ್ಟು, ಆ ಹೊತ್ತಿಗೆ ನೆರೆಯವರ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದನು. ತಂದೆಯ ಕೆಲಸ ನಿಂತಿತ್ತು. ಮನೆಗೆ ಆ ಕೂಲಿ ಬೇಕಾಗಿತ್ತು. ಅವನನ್ನು ನಾವು ಬಯ್ಯಲಾರದೆ ಹೋದೆವು. ಆದರೆ ಹಳೆಯ ಕಡತಗಳನ್ನು ಸಂಶಯದಿಂದ ಓದಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವ ನಾವೇ ಒಂದು ಸುಳ್ಳು ಕಡತವನ್ನು ಸೃಷ್ಟಿಸಿದ್ದೆವು. ಮುಂದೆ ಯಾರಾದರೂ ಆ ವರ್ಷದ ಶಿಕ್ಷಣದ ಚರಿತ್ರೆಯನ್ನು ಬರೆಯಹೊರಟರೆ, ನಮ್ಮ ಹಾಜರಿಪುಸ್ತಕ ಅವರನ್ನು ದಾರಿತಪ್ಪಿಸುವುದರಲ್ಲಿ ಸಂದೇಹವಿಲ್ಲ.

ನೆರೆಯ ಸುಳ್ಯ ತಾಲೂಕಿನಲ್ಲಿ ೨೦೨೧ರ ಜೂನ್ ತಿಂಗಳ ಮಳೆಯಲ್ಲಿ, ಸಂಪರ್ಕ ಸಿಗುವ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವೊಂದು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಸಾಧನದ ಕೊರತೆಯನ್ನು ತೋರಿಸಲು ಆ ಚಿತ್ರವನ್ನು ಬಳಸಿದವರೇ ಹೆಚ್ಚು. ಅದರಲ್ಲಿ ಇನ್ನೊಂದು ಅಂಶವೂ ಇದೆ: ಪಾಠ ಮುಗಿಯುವವರೆಗೂ ಜೊತೆಗೆ ನಿಂತ ಮನುಷ್ಯನೊಬ್ಬ ಅಲ್ಲಿದ್ದಾನೆ.

೬

ಹಾಗಾದರೆ ಹೊಸ ಸಾಧನವೂ ಹಳೆಯ ಹೊಣೆಗಾರಿಕೆಯೂ ಕೂಡಿ ನಡೆಯಲಾರವೆ? ನಡೆಯಬಲ್ಲವು ಎಂಬುದಕ್ಕೆ ಬಂಟ್ವಾಳ ತಾಲೂಕಿನ ಅಡಿಕೆ ತೋಟಗಳೇ ಸಾಕ್ಷಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲೂ, ಬಳಿಕ ಗೊನೆ ಇಳಿಸಲೂ ಮರವೇರುವವರು ಬೇಕು. ಅಪಾಯದ ಈ ಕೆಲಸಕ್ಕೆ ಹೊಸಬರು ಬರುವುದು ಕಡಮೆಯಾಗಿ, ಬೆಳೆ ಮರದಲ್ಲಿಯೇ ಉಳಿಯುವ ಸ್ಥಿತಿ ಒದಗಿತು. ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಮರವೇರುವ ಮೋಟಾರು ಯಂತ್ರವನ್ನು ನಿರ್ಮಿಸಿದರು. ೨೦೧೯ರಲ್ಲಿ ಅದರ ಚಲಚ್ಚಿತ್ರ ಅಂತರ್ಜಾಲದಲ್ಲಿ ಹರಡಿ, ದೂರದೂರದ ಕೃಷಿಕರು ಅದನ್ನು ಕಂಡರು. ನೆಲದಲ್ಲಿಯೇ ನಿಂತು ಸಿಂಪಡಿಸಲು, ಕೊಯ್ಯಲು ಹಗುರವಾದ ಕಾರ್ಬನ್ ಫೈಬರ್ ದೋಟಿಯೂ ಬಂದಿತು.

ಆದರೆ ಚಲಚ್ಚಿತ್ರ ನೋಡಿದ ಮಾತ್ರಕ್ಕೆ ಯಾರೂ ನಲವತ್ತು ಅಡಿಯ ಮರವನ್ನು ಏರಲಾರರು. ಇದನ್ನರಿತು, ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯ ಶಾಖೆಯಲ್ಲಿ ೨೦೧೮ರ ಕೊನೆಯಲ್ಲಿ ‘ಅಡಿಕೆ ಕೌಶಲ್ಯ ಪಡೆ’ ಎಂಬ ಹೆಸರಿನ ವಸತಿ ಶಿಬಿರ ನಡೆಯಿತು. ಕ್ಯಾಂಪ್ಕೋ ಸಂಸ್ಥೆಯೂ ಇದರಲ್ಲಿ ಕೈಜೋಡಿಸಿತು. ಆ ಸಹಕಾರ ಸಂಸ್ಥೆ ೧೯೭೩ರಲ್ಲಿ ಸ್ಥಾಪಿತವಾದುದು ಇದೇ ತಾಲೂಕಿನ ಅಡ್ಯನಡ್ಕದ ಕಡೆಯ ವಾರಣಾಶಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ ೧೯೮೮ರಿಂದ ಕೃಷಿಕರ ಅನುಭವಗಳನ್ನು ಕೃಷಿಕರ ಕೈಯಿಂದಲೇ ಬರೆಯಿಸಿ ಇಂಥ ಕಾರ್ಯಗಳಿಗೆ ನೆಲವನ್ನು ಹದಗೊಳಿಸಿತ್ತು. ಸಂಶೋಧನ ಸಂಸ್ಥೆಯ ಜ್ಞಾನ, ಕೃಷಿಕನ ಯಂತ್ರ, ಸಹಕಾರ ಸಂಘದ ಬೆಂಬಲ, ಕೆಲಸ ಕೊಡಲು ಕಾದಿರುವ ತೋಟ, ಇವು ಒಂದೆಡೆ ಸೇರಿದಾಗ ತರಬೇತಿಗೆ ಅರ್ಥ ಬಂದಿತು. ಚಲಚ್ಚಿತ್ರ ಆಸೆಯನ್ನು ಹುಟ್ಟಿಸಿತು, ಶಿಬಿರ ಕೈಗೆ ಹದವನ್ನು ಕೊಟ್ಟಿತು.

೭

ಮೇಲಿನ ಸಂಗತಿಗಳಿಂದ ನಾವು ಸಾರವಾಗಿ ಎತ್ತಿ ಹೇಳಬಹುದಾದುದು ಇಷ್ಟು. ಬಾಸೆಲ್ ಮಿಶನ್ನಿನ ಕಾರ್ಖಾನೆ ಕೆಲಸವನ್ನು ಕೊಟ್ಟಿತು, ಸ್ವಾತಂತ್ರ್ಯವನ್ನು ಕೊಡಲಿಲ್ಲ. ಟ್ರೈಸೆಮ್ ಪ್ರಮಾಣಪತ್ರವನ್ನು ಕೊಟ್ಟಿತು, ಬಹುಮಂದಿಗೆ ಕಸುಬು ಉಳಿಯಲಿಲ್ಲ. ಅಂತರ್ಜಾಲ ಪಾಠವನ್ನು ಧಾರಾಳವಾಗಿ ಕೊಡುತ್ತಿದೆ. ಪಾಠ ಮುಗಿದ ಮರುದಿನ ಕಲಿತವನ ಬಾಗಿಲಿಗೆ ಬರುವವರು ಇಲ್ಲ. ಉಜಿರೆಯ ಕ್ರಮ ಈ ಕೊರತೆಯನ್ನು ನಲವತ್ತು ವರ್ಷಗಳ ಹಿಂದೆಯೇ ಗುರುತಿಸಿತ್ತು.

ಇದರಿಂದ ನಮ್ಮ ಕಾಲೇಜುಗಳಿಗೆ ಒಂದು ಕರ್ತವ್ಯ ಒದಗುತ್ತದೆ. ನಮ್ಮ ವಿದ್ಯಾರ್ಥಿಗಳು ಪದವಿಯ ಜೊತೆಗೆ ಅಂತರ್ಜಾಲದ ತರಬೇತುಗಳನ್ನು ತೆಗೆದುಕೊಂಡು ಪ್ರಮಾಣಪತ್ರಗಳನ್ನು ಸಂಗ್ರಹಿಸುತ್ತಿದ್ದಾರೆ. ಅವುಗಳನ್ನು ಎಣಿಸಿ ವರದಿಯಲ್ಲಿ ಸೇರಿಸುವುದರಿಂದ ನಮ್ಮ ಕೆಲಸ ಮುಗಿಯಬಾರದು. ಮೂವತ್ತು ಮಂದಿಗೆ ಒಬ್ಬ ಅಧ್ಯಾಪಕ ಜೊತೆಗಾರನಾಗಿ ನಿಂತು, ಪಾಠದಲ್ಲಿ ತೊಡಕು ಬಂದಲ್ಲಿ ಬಿಡಿಸಿ, ಊರಿನ ಬ್ಯಾಂಕಿನೊಡನೆಯೂ ಉದ್ಯಮಿಗಳೊಡನೆಯೂ ಅವರ ಪರಿಚಯ ಮಾಡಿಸಿ, ಎರಡು ವರ್ಷಗಳ ಬಳಿಕ ಅವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ಒಂದು ಪುಸ್ತಕದಲ್ಲಿ ಪ್ರಾಮಾಣಿಕವಾಗಿ ಬರೆದಿಡುವುದು ಸಾಧ್ಯ. ಇದಕ್ಕೆ ದೊಡ್ಡ ಹಣ ಬೇಕಿಲ್ಲ; ಹೊಣೆಯರಿತ ಮನಸ್ಸು ಬೇಕು. ಸೋತವರ ಹೆಸರನ್ನೂ ಆ ಪುಸ್ತಕದಲ್ಲಿ ಬರೆಯಬೇಕು. ಗೆದ್ದವರ ಪಟ್ಟಿಯಿಂದ ಜಾಹೀರಾತು ಆಗಬಹುದು, ಚರಿತ್ರೆ ಆಗುವುದಿಲ್ಲ.

ನಾವು ತುಂಬಿಸಿದ ಆ ಹಾಜರಿಪುಸ್ತಕ ಈಗಲೂ ವಿಭಾಗದ ಕಪಾಟಿನಲ್ಲಿದೆ. ಅದನ್ನು ತಿದ್ದುವ ಅಧಿಕಾರ ನಮಗಿಲ್ಲ. ಅದರ ಪಕ್ಕದಲ್ಲಿ ನಿಜವಾದ ಇನ್ನೊಂದು ಪುಸ್ತಕವನ್ನು ಇಡುವ ಅವಕಾಶ ಮಾತ್ರ ನಮಗೆ ಉಂಟು.